ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಎಕ್ಸಾಸ್ಟ್ ಲೀಕ್: ಬದಿಯಡ್ಕದ ಅಂಬಾಸಡರ್ ಒಂದರ ಪ್ರಕರಣ

ಕಾರು ಹಿಂದೂಸ್ತಾನ್ ಅಂಬಾಸಡರ್ ಮಾರ್ಕ್ 2, ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಒಂದು ಅಡಿಕೆ ತೋಟದ ಮನೆಯದು. ಎಂಜಿನ್ 1489 ಸಿಸಿ ಪೆಟ್ರೋಲ್, ಬ್ರಿಟನ್ನಿನ ಬಿಎಂಸಿ ಬಿ ಸೀರೀಸ್ ವಿನ್ಯಾಸದ್ದು. ಕಾರಿನ ಜೊತೆ ಬಂದಿದ್ದ ಬೀಡಿನ (ಎರಕದ ಕಬ್ಬಿಣದ) ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಸೇರಿಸಿ ಸೈಲೆನ್ಸರಿನ ಪೈಪಿಗೆ ಬಿಡುವ ತುಂಡು, ನಡುವೆ ಬಿರುಕು ಬಿಟ್ಟಿತ್ತು. ಬದಲಿ ಸಿಗಲಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಉಕ್ಕಿನ ಪೈಪ್ ಬಗ್ಗಿಸಿ, ಮೂರು ಪೈಪು ಒಂದಕ್ಕೆ ಸೇರುವ ಹೆಡರ್ ಮಾಡಿಸಿ ಹಾಕಲಾಗಿತ್ತು.

ತೊಂದರೆ ಅಲ್ಲಿಂದ ಶುರು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಶಬ್ದ, ಎಂಜಿನ್ ಕಾದ ಮೇಲೆ ಅರ್ಧಕ್ಕಿಂತ ಕಡಿಮೆ. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸೈಲೆನ್ಸರಿನಲ್ಲಿ ಪಟಪಟ. ಮಳೆಗೆ ಗಾಜು ಏರಿಸಿ ಹೋಗುವಾಗ ಒಳಗೆ ಹೊಗೆ ವಾಸನೆ, ಎದುರಿನ ಎಡ ಸೀಟಿನಲ್ಲಿ ಕೂತವರಿಗೆ ತಲೆನೋವು. ಹೆಡರಿಗೂ ಎಂಜಿನ್ನಿಗೂ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಮೂರು ಸಲ ಬದಲಾಗಿತ್ತು. ಕೊನೆಯ ಸಲ ಎರಡೂ ಬದಿಗೆ ಕೆಂಪು ಸಿಲಿಕೋನ್ ಪೇಸ್ಟ್ ದಪ್ಪಗೆ ಬಳಿದಿದ್ದರು. ಪ್ರತಿ ಸಲವೂ ಕೆಲವು ವಾರ ಸುಮ್ಮನಿದ್ದು ಮತ್ತೆ ಅದೇ ಶಬ್ದ.

ಪ್ಯಾಕಿಂಗ್ ತಾನಾಗಿ ಹೋಗುವುದು ಅಪರೂಪ. ಅದನ್ನು ಒತ್ತಿ ಹಿಡಿಯಬೇಕಾದ ಲೋಹ ಸಮ ಇಲ್ಲದಿದ್ದರೆ, ಇಲ್ಲವೇ ಪೈಪು ಅದನ್ನು ಎಳೆಯುತ್ತಿದ್ದರೆ ಹೋಗುತ್ತದೆ. ಈ ಕಾರಿನಲ್ಲಿ ಎರಡೂ ಇತ್ತು.

ಮೊದಲು ಗಾಳಿಯ ವಿಚಾರ

ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ತಾಗುವುದು ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ ಮಾತ್ರ. ಹಾಗಾಗಿ ವಾಸನೆ ಕಡಿಮೆಯಾದರೆ ವಿಷವೂ ಕಡಿಮೆಯಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಗಾಜು ಇಳಿಸಿ ಹೋಗುವ ಹಾಗಿಲ್ಲ. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಇರುವುದು ಎಡಬದಿಗೆ. ಫೈರ್‌ವಾಲಿನಲ್ಲಿ (ಎಂಜಿನ್ನಿಗೂ ಸೀಟಿನ ಭಾಗಕ್ಕೂ ನಡುವಿನ ತಗಡಿನ ಗೋಡೆ) ವೈರು, ಕೇಬಲ್ಲುಗಳು ಹಾದುಹೋಗುವ ತೂತುಗಳ ರಬ್ಬರ್ ಗ್ರೊಮೆಟ್ (ತೂತಿನ ಅಂಚಿನ ಬಳೆ) ಒಣಗಿ ಉದುರಿದ್ದರೆ ಹೊಗೆ ನೇರ ಒಳಗೆ ಬರುತ್ತದೆ. ಇಲ್ಲಿ ಎರಡು ಗ್ರೊಮೆಟ್ ಇರಲೇ ಇಲ್ಲ. ಅವನ್ನು ಮೊದಲ ದಿನವೇ ಹಾಕಿ, ರಿಪೇರಿ ಮುಗಿಯುವವರೆಗೆ ಕಾರನ್ನು ರಸ್ತೆಗೆ ತೆಗೆಯಬಾರದು ಎಂದು ಮಾಲಕರಿಗೆ ತಿಳಿಸಲಾಯಿತು. ತಲೆನೋವು ಕಾಣಿಸಿಕೊಂಡ ಕಾರಿನ ಮಟ್ಟಿಗೆ ಇದು ಅತಿಯಾದ ಎಚ್ಚರಿಕೆಯಲ್ಲ.

ಈ ಹೆಡ್ಡಿನ ರಚನೆ

ಬಿ ಸೀರೀಸ್ ಹೆಡ್ಡಿನಲ್ಲಿ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಇನ್‌ಟೇಕ್, ಎಕ್ಸಾಸ್ಟ್ ಎರಡೂ, ಅಂದರೆ ಪೆಟ್ರೋಲ್ ಗಾಳಿ ಒಳಹೋಗುವ ದಾರಿ ಮತ್ತು ಹೊಗೆ ಹೊರಬರುವ ದಾರಿ, ಒಂದೇ ಬದಿಗೆ, ಒಂದೇ ಸಾಲಿನಲ್ಲಿವೆ. ಈ ದಾರಿಯ ಬಾಯಿಗೆ ಪೋರ್ಟು ಎನ್ನುತ್ತಾರೆ. ಎಕ್ಸಾಸ್ಟ್ ಪೋರ್ಟು ಮೂರು: ಒಂದನೇ ಸಿಲಿಂಡರಿಗೆ ಒಂದು, ನಾಲ್ಕನೆಯದಕ್ಕೆ ಒಂದು, ಎರಡು ಮತ್ತು ಮೂರಕ್ಕೆ ಸೇರಿ ನಡುವೆ ಒಂದು. ಅವುಗಳ ನಡುವೆ ಇನ್‌ಟೇಕ್ ಪೋರ್ಟು ಎರಡು. ಐದಕ್ಕೂ ಸೇರಿ ಒಂದೇ ಪ್ಯಾಕಿಂಗ್. ಸ್ಟಡ್ (ಹೆಡ್ಡಿಗೆ ತಿರುಗಿಸಿ ಕೂರಿಸಿದ ತಲೆಯಿಲ್ಲದ ಬೋಲ್ಟ್) ಆರು. ತುದಿಯ ಎರಡು ಸ್ಟಡ್ ಎಕ್ಸಾಸ್ಟನ್ನು ಮಾತ್ರ ಹಿಡಿಯುತ್ತವೆ. ಒಳಗಿನ ನಾಲ್ಕರಲ್ಲಿ ಒಂದೊಂದು ದಪ್ಪ ವಾಷರ್ ಇದೆ. ಅದರ ಅರ್ಧ ಇನ್‌ಟೇಕಿನ ಅಂಚಿನ ಮೇಲೆ, ಇನ್ನರ್ಧ ಎಕ್ಸಾಸ್ಟಿನ ಅಂಚಿನ ಮೇಲೆ ಕೂರುತ್ತದೆ. ಒಂದೇ ನಟ್ಟು ಎರಡು ಬೇರೆ ಬೇರೆ ತುಂಡುಗಳನ್ನು ಒತ್ತಬೇಕು.

ಎರಡು ಅಂಚಿನ ದಪ್ಪವೂ ಒಂದೇ ಇದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇನ್‌ಟೇಕ್ ಸ್ವಲ್ಪ ದಪ್ಪವಾಗಿದ್ದರೆ ವಾಷರ್ ಓರೆಯಾಗಿ ಕೂತು ಒತ್ತಡವೆಲ್ಲ ಇನ್‌ಟೇಕಿಗೇ ಹೋಗುತ್ತದೆ, ಎಕ್ಸಾಸ್ಟ್ ಸಡಿಲ ಉಳಿಯುತ್ತದೆ. ಹೊರಗೆ ಮಾಡಿಸಿದ ಹೆಡರ್ ಹಾಕಿದ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಶಬ್ದ ಎಲ್ಲಿಯದು

ಮೊದಲಿನವರು ಇದನ್ನು ಒಂದು ಸಲ ಟ್ಯಾಪೆಟ್ ಶಬ್ದ (ವಾಲ್ವ್ ತೆರೆಯುವ ಭಾಗಗಳ ಬಡಿತ) ಎಂದುಕೊಂಡು ಅಡ್ಜಸ್ಟ್ ಮಾಡಿದ್ದರು. ಟ್ಯಾಪೆಟ್ ಗ್ಯಾಪ್ ನೋಡಿದಾಗ ಎಂಟೂ 0.38 ಮಿ.ಮೀ. (ಹದಿನೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು) ಸರಿಯಾಗಿಯೇ ಇತ್ತು. ಟ್ಯಾಪೆಟ್ ಶಬ್ದ, ಲೀಕಿನ ಶಬ್ದ ಇವೆರಡನ್ನು ಬೇರ್ಪಡಿಸಲು ಕಿವಿಯಿಂದಲೇ ಮಾಡಬಹುದಾದ ಒಂದು ಲೆಕ್ಕ ಇದೆ. ಐಡ್ಲಿಂಗ್ 800 ಸುತ್ತು ಇದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತದೆ. ತುದಿಯ ಪೋರ್ಟಿನ ಲೀಕೂ 400 ಸಲವೇ ಟಿಕ್ ಅನ್ನುತ್ತದೆ. ನಡುವಿನ ಪೋರ್ಟಿಗೆ ಎರಡು ಸಿಲಿಂಡರಿನ ಹೊಗೆ ಬರುವುದರಿಂದ 800 ಸಲ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2; ಅಂದರೆ 2 ಮತ್ತು 3ರ ನಡುವೆ ಕ್ರ್ಯಾಂಕ್ ಸರಿಯಾಗಿ ಒಂದು ಸುತ್ತು ತಿರುಗಿರುತ್ತದೆ. ಆದ್ದರಿಂದ ನಡುವಿನ ಲೀಕಿನ ಟಿಕ್ ಸಮ ಅಂತರದಲ್ಲಿ, ಎರಡು ಪಟ್ಟು ವೇಗದಲ್ಲಿ ಕೇಳುತ್ತದೆ. ಈ ಕಾರಿನದು ಹಾಗೇ ಇತ್ತು.

ಖಾತ್ರಿಗೆ ಪ್ಲಗ್ ವೈರನ್ನು ಒಂದೊಂದಾಗಿ, ಇನ್ಸುಲೇಶನ್ ಇರುವ ಪ್ಲೈಯರಿನಲ್ಲಿ ತೆಗೆದು ಬ್ಲಾಕಿಗೆ ಅರ್ಥ್ ಕೊಟ್ಟು ನೋಡಲಾಯಿತು. ವೈರನ್ನು ಗಾಳಿಯಲ್ಲಿ ಬಿಟ್ಟರೆ ಕಾಯಿಲಿಗೆ ಪೆಟ್ಟು. 1 ಅಥವಾ 4 ತೆಗೆದಾಗ ಶಬ್ದ ಹಾಗೇ ಉಳಿಯಿತು. 2 ತೆಗೆದಾಗ ಅರ್ಧವಾಯಿತು, 3 ತೆಗೆದಾಗಲೂ ಅರ್ಧವಾಯಿತು. ಟ್ಯಾಪೆಟ್ ಶಬ್ದವಾಗಿದ್ದರೆ ಪ್ಲಗ್ ವೈರ್ ತೆಗೆದ ಮಾತ್ರಕ್ಕೆ ಹೀಗೆ ಅಡಗುತ್ತಿರಲಿಲ್ಲ.

ಲೀಕಿನ ಜಾಗ ಕಣ್ಣಿಗೆ ಕಾಣಬೇಕಾದರೆ ತಣ್ಣಗಿನ ಎಂಜಿನ್ನಿನಲ್ಲಿ ಸೋಪು ನೀರಿನ ಪರೀಕ್ಷೆ ಒಳ್ಳೆಯದು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಗೆ ಹೋಸ್ ಹಾಕಿ, ಸೈಲೆನ್ಸರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಬಿಗಿದು ಗಾಳಿ ಬಿಡಬೇಕು. ಕಂಪ್ರೆಸರ್ ಗಾಳಿ ನೇರ ಬಿಡಬಾರದು, ಸೈಲೆನ್ಸರಿನ ಜೋಡಣೆಗಳೇ ಬಿಟ್ಟುಕೊಳ್ಳಬಹುದು. ಮಂದ ಸೋಪು ನೀರನ್ನು ಪ್ರತಿ ಫ್ಲ್ಯಾಂಜಿಗೂ (ಪೈಪಿನ ತುದಿಯಲ್ಲಿ ನಟ್ಟು ಬಿಗಿಯುವ ಚಪ್ಪಟೆ ಅಂಚು), ವೆಲ್ಡ್ ಗೆರೆಗಳಿಗೂ ಹೊಡೆಯಬೇಕು. ನಡುವಿನ ಫ್ಲ್ಯಾಂಜಿನ ಕೆಳ ಅಂಚಿನಲ್ಲಿ ದೊಡ್ಡ ಗುಳ್ಳೆ ಬಂತು. ನಾಲ್ಕನೇ ಪೋರ್ಟಿನಲ್ಲಿ ಸಣ್ಣ ನೊರೆ. ಪೈಪುಗಳು ಕೂಡುವಲ್ಲಿ ವೆಲ್ಡಿನಲ್ಲಿ ಸೂಜಿ ಮೊನೆಯಷ್ಟು ಒಂದು ತೂತು. ಕಾರ್ಬ್ಯುರೇಟರಿನ ಬಾಯಲ್ಲೂ ಸ್ವಲ್ಪ ಸುಯ್ ಶಬ್ದ ಕೇಳಬಹುದು. ಯಾವುದಾದರೂ ಸಿಲಿಂಡರಿನ ಎರಡು ವಾಲ್ವೂ ಸ್ವಲ್ಪ ಸ್ವಲ್ಪ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಅದು ಸಹಜ. ಕ್ರ್ಯಾಂಕ್ ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ.

ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವ ಅಭ್ಯಾಸ ಹಲವರಿಗಿದೆ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನ ಸರಿ ಕೆಳಗೇ ಹೆಡರ್ ಇದೆ. ಕಾದ ಹೆಡರಿನ ಮೇಲೆ ಆ ಸ್ಪ್ರೇ ಬಿದ್ದರೆ ಬೆಂಕಿ. ಖಂಡಿತ ಬೇಡ.

ಬಿಚ್ಚಿದಾಗ ಕಂಡದ್ದು

ಬ್ಯಾಟರಿಯ ನೆಗೆಟಿವ್ ತೆಗೆದು, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಕಾರ್ಬ್ಯುರೇಟರ್ ಇಳಿಸಿದ ಮೇಲೆ ಮೊದಲು ಬಿಚ್ಚಿದ್ದು ಹೆಡರ್ ಮತ್ತು ಮುಂದಿನ ಪೈಪಿನ ಜೋಡಣೆ. ಕೊನೆಯ ಬೋಲ್ಟ್ ಹೊರಬಂದ ಕೂಡಲೇ ಪೈಪು ಟಪ್ಪೆಂದು ಹೆಬ್ಬೆರಳಿನ ಅಗಲದಷ್ಟು ಕೆಳಕ್ಕೂ ಬಲಕ್ಕೂ ಜಿಗಿಯಿತು. ಅಷ್ಟು ದಿನವೂ ಆ ಎಳೆತವನ್ನೆಲ್ಲ ಹೆಡ್ಡಿನ ಸ್ಟಡ್ಡುಗಳೇ ತಡೆದಿದ್ದವು. ಗೇರ್‌ಬಾಕ್ಸಿನ ಹತ್ತಿರ ಪೈಪನ್ನು ಹಿಡಿಯುವ ಬ್ರ್ಯಾಕೆಟ್ ಇರಲಿಲ್ಲ. ಬದಲಿಗೆ ಪೈಪನ್ನು ಒಂದು ಪಟ್ಟಿಯಿಂದ ನೇರ ಬಾಡಿಗೆ ವೆಲ್ಡ್ ಮಾಡಿದ್ದರು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸ್ಟಾರ್ಟ್ ಮಾಡಿದಾಗ, ಕ್ಲಚ್ ಬಿಟ್ಟಾಗ ಅದು ವಾಲುತ್ತದೆ, ಬಾಡಿ ವಾಲುವುದಿಲ್ಲ. ಎಡ ಬದಿಯ ಮೌಂಟಿಂಗ್ ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗಿದ್ದರಿಂದ ವಾಲುವುದು ಇನ್ನೂ ಹೆಚ್ಚಿತ್ತು. ತೋಟದ ಮುರಕಲ್ಲಿನ ದಾರಿಯಲ್ಲಿ ಸೈಲೆನ್ಸರ್ ತಾಗಿದ ಪ್ರತಿ ಪೆಟ್ಟೂ ಅದೇ ದಾರಿಯಲ್ಲಿ ಹೆಡ್ಡಿಗೆ ಹೋಗುತ್ತಿತ್ತು.

ಹಳೆ ಪ್ಯಾಕಿಂಗನ್ನು ಎಸೆಯುವ ಮೊದಲು ಓದಬೇಕು. ಇನ್‌ಟೇಕ್ ಪೋರ್ಟುಗಳ ಸುತ್ತ ಅದು ಮಿರಮಿರ ಹೊಳೆದು ಚಪ್ಪಟೆಯಾಗಿತ್ತು, ದಪ್ಪ 1.1 ಮಿ.ಮೀ. ನಡುವಿನ ಎಕ್ಸಾಸ್ಟ್ ಪೋರ್ಟಿನ ಸುತ್ತ 1.5 ಮಿ.ಮೀ.; ತಗಡಿನ ಸಣ್ಣ ತೂತುಗಳ ಅಂಚು ಕೂಡ ಮಡಚಿರಲಿಲ್ಲ, ಕೆಳಗಡೆ ಮಸಿಯ ಗೆರೆ ಬೀಸಣಿಗೆಯ ಹಾಗೆ ಹರಡಿತ್ತು. ಸಿಲಿಕೋನ್ ಪೇಸ್ಟ್ ಪೋರ್ಟಿನ ಬಾಯಲ್ಲಿ ಸುಟ್ಟು ಬೂದಿಯಾಗಿತ್ತು. ಒಳ್ಳೆಯ ಕೆಂಪು ಸಿಲಿಕೋನ್ ಕೂಡ ತಡೆಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್. ಪೋರ್ಟಿನ ಬಾಯಿಯ ಹೊಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ.

ಹಳೆ ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಒಣಗಿದ್ದಾಗ ವೈರ್ ಬ್ರಷ್ ಹಾಕಬಾರದು. ನೀರು ಚಿಮುಕಿಸಿ, ಸ್ಕ್ರೇಪರಿನಲ್ಲಿ ನಿಧಾನ ತೆಗೆದು, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಪೋರ್ಟುಗಳಿಗೆ ಬಟ್ಟೆ ತುರುಕಲು ಮರೆಯಬಾರದು.

ನಂತರ ಅಳತೆ. ಸ್ಟೀಲ್ ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ಹೆಡ್ಡಿನ ಮುಖ 0.05 ಮಿ.ಮೀ. ಒಳಗೆ ಸಮ ಇತ್ತು. ಹೆಡ್ ಬಿಚ್ಚುವ ಅಗತ್ಯ ಬೀಳಲಿಲ್ಲ. ಹೆಡರಿನ ಮೂರು ಫ್ಲ್ಯಾಂಜ್ ಸೇರಿಸಿ ಇಟ್ಟಾಗ ತುದಿಯವೆರಡು ತಾಗುತ್ತಿದ್ದವು, ನಡುವಿನದರ ಅಡಿಯಲ್ಲಿ 0.70 ಮಿ.ಮೀ. ಗೇಜ್ ಸಲೀಸಾಗಿ ಹೋಗುತ್ತಿತ್ತು. ವೆಲ್ಡ್ ತಣಿಯುವಾಗ ಸಂಕುಚಿತವಾಗಿ ಪೈಪನ್ನು ಎಳೆಯುತ್ತದೆ. ಫ್ಲ್ಯಾಂಜುಗಳನ್ನು ದಪ್ಪ ಪ್ಲೇಟಿಗೆ ಬಿಗಿಯದೆ ವೆಲ್ಡ್ ಮಾಡಿದರೆ ಅವು ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. 0.10 ಮಿ.ಮೀ. ತನಕದ ವ್ಯತ್ಯಾಸವನ್ನು ಪ್ಯಾಕಿಂಗ್ ನುಂಗಿಕೊಳ್ಳುತ್ತದೆ, 0.70ನ್ನು ಅಲ್ಲ. ಇನ್ನು ದಪ್ಪ: ಹೆಡರಿನ ಫ್ಲ್ಯಾಂಜ್ 10 ಮಿ.ಮೀ. ಪ್ಲೇಟಿನದು, ಇನ್‌ಟೇಕಿನ ಅಂಚು ಅದಕ್ಕಿಂತ 1.6 ಮಿ.ಮೀ. ಹೆಚ್ಚು.

ಕೊನೆಗೆ ಸ್ಟಡ್. ಐದು ಸ್ಟಡ್ ಐದು ಬೈ ಹದಿನಾರು ಇಂಚಿನವು, ಹೆಡ್ಡಿನೊಳಗೆ ಹೋಗುವ ಬದಿಗೆ ಇಂಚಿಗೆ 18 ಥ್ರೆಡ್. ನಡುವಿನ ಒಂದು ಮಾತ್ರ ಎಂ8, ಅಂದರೆ 8 ಮಿ.ಮೀ. ಮೆಟ್ರಿಕ್ ಅಳತೆಯದು. ಗಾತ್ರದಲ್ಲಿ 7.94ಕ್ಕೂ 8 ಮಿ.ಮೀ.ಗೂ ಕಣ್ಣಿಗೆ ವ್ಯತ್ಯಾಸ ಕಾಣದು. ಎಂ8ರ ಥ್ರೆಡ್ ಅಂತರ 1.25 ಮಿ.ಮೀ., ಅಂದರೆ ಇಂಚಿಗೆ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು. ಒತ್ತಿ ತಿರುಗಿಸಿದರೆ ಬೀಡನ್ನು ಕಡಿದುಕೊಂಡು ಹೋಗುತ್ತದೆ, ಬಿಗಿಯಾದ ಹಾಗೂ ಅನಿಸುತ್ತದೆ, ಕಾದಾಗ ಕಿತ್ತುಬರುತ್ತದೆ. ಇಂಚಿನ ಅಳತೆಯ ಹಳೆ ಎಂಜಿನ್ನುಗಳಲ್ಲಿ ಈ ತಪ್ಪು ತುಂಬ ಸಾಮಾನ್ಯ. ನೂರಿನ್ನೂರು ರೂಪಾಯಿಯ ಥ್ರೆಡ್ ಗೇಜ್ ಇಲ್ಲದೆ ಈ ಕಾರುಗಳ ಸ್ಟಡ್ ಮುಟ್ಟಬಾರದು.

ರಿಪೇರಿ

ತುಕ್ಕು ಹಿಡಿದ ಎರಡು ಸ್ಟಡ್ಡುಗಳಿಗೆ ರಾತ್ರಿಯಿಡೀ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಗ್ಗೆ ಎಣ್ಣೆ ಪೂರ್ತಿ ಒರೆಸಿ ಸ್ಟಡ್ಡಿನ ಸುತ್ತ ಹೆಡ್ಡನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ, ಎರಡು ನಟ್ಟು ಒಂದಕ್ಕೊಂದು ಲಾಕ್ ಮಾಡಿ ಹಿಂದೆ ಮುಂದೆ ಕಾಲು ಕಾಲು ಸುತ್ತು ಆಡಿಸಿ ತೆಗೆಯಲಾಯಿತು. ಒಂದೇ ಸಮನೆ ಬಲ ಹಾಕಿದರೆ ಹೆಡ್ಡಿನ ಮಟ್ಟಕ್ಕೆ ತುಂಡಾಗುತ್ತದೆ. ಅಲ್ಲಿಗೆ ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ಎಂ8 ಹೊಕ್ಕಿದ್ದ ತೂತಿಗೆ ಐದು ಬೈ ಹದಿನಾರು, 18 ಥ್ರೆಡ್ಡಿನ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಬದಲು ಕೂರಿಸುವ ಸ್ಪ್ರಿಂಗಿನಂಥ ತುಂಡು) ಹಾಕಲಾಯಿತು. ಡ್ರಿಲ್ ನೇರ ಹೋಗಲು 20 ಮಿ.ಮೀ. ದಪ್ಪದ ಉಕ್ಕಿನ ತುಂಡಿಗೆ ಲೇತಿನಲ್ಲಿ ತೂತು ಕೊರೆದು, ಪಕ್ಕದ ಸ್ಟಡ್ಡಿಗೆ ಬಿಗಿದು ಗೈಡ್ ಮಾಡಿಕೊಂಡದ್ದು. ಹಳೆ ತೂತಿನ ಆಳ ಅಳೆದು ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಹಾಕಬೇಕು. ಅದಕ್ಕಿಂತ ಒಳಗೆ ಹೋದರೆ ವಾಟರ್ ಜಾಕೆಟ್ (ಎಂಜಿನ್ ತಣಿಸುವ ನೀರಿನ ಜಾಗ) ಸಿಗಬಹುದು.

ಹೆಡರನ್ನು ಎಸೆಯಲಿಲ್ಲ. 16 ಮಿ.ಮೀ. ಉಕ್ಕಿನ ಪ್ಲೇಟಿಗೆ ಹೊಸ ಪ್ಯಾಕಿಂಗ್ ಇಟ್ಟು ಸ್ಟಡ್ಡಿನ ಜಾಗಗಳನ್ನು ಗುರುತು ಮಾಡಿ ತೂತು ಕೊರೆದು, ಹೆಡರನ್ನು ಅದಕ್ಕೆ ಪೂರ್ತಿ ಬಿಗಿಯಲಾಯಿತು. ಬಿಗಿದ ಸ್ಥಿತಿಯಲ್ಲೇ ಕೂಡುವಲ್ಲಿನ ವೆಲ್ಡಿನ ತೂತು ಗ್ರೈಂಡ್ ಮಾಡಿ ಮತ್ತೆ ವೆಲ್ಡ್ ಮಾಡಿ, ಮೂರು ಪೈಪುಗಳ ಬಾಗಿನ ಭಾಗವನ್ನು ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ, ನೀರು ಹಾಕದೆ ತಾನಾಗಿ ತಣಿಯಲು ಬಿಟ್ಟದ್ದು. ಪ್ಲೇಟಿನಿಂದ ಬಿಚ್ಚಿದಾಗ ನಡುವಿನ ವ್ಯತ್ಯಾಸ 0.70ರಿಂದ 0.25ಕ್ಕೆ ಇಳಿದಿತ್ತು. ಉಳಿದದ್ದನ್ನು ಮಂಗಳೂರಿನಲ್ಲಿ ಹೆಡ್ ಫೇಸಿಂಗ್ (ಮುಖವನ್ನು ಸಮತಟ್ಟಾಗಿ ತರಿಯುವುದು) ಮಾಡುವಲ್ಲಿ, ಮೂರು ಫ್ಲ್ಯಾಂಜನ್ನೂ ಒಂದೇ ಸೆಟ್ಟಿಂಗಿನಲ್ಲಿ ಹಿಡಿಸಿ 0.40 ಮಿ.ಮೀ. ತೆಗೆಸಲಾಯಿತು. ಒಂದೊಂದೇ ಫ್ಲ್ಯಾಂಜನ್ನು ಬೆಲ್ಟ್ ಸ್ಯಾಂಡರಿಗೆ ಹಿಡಿದರೆ ಪ್ರತಿಯೊಂದೂ ನುಣುಪಾಗುತ್ತದೆ, ಮೂರೂ ಒಂದೇ ಮಟ್ಟಕ್ಕೆ ಬರುವುದಿಲ್ಲ.

ಸ್ಟಡ್ ತೂತುಗಳನ್ನು 9.5 ಮಿ.ಮೀ.ಗೆ ದೊಡ್ಡದು ಮಾಡಲಾಯಿತು. 300 ಮಿ.ಮೀ. ಉಕ್ಕು 200 ಡಿಗ್ರಿ ಹೆಚ್ಚು ಕಾದರೆ ಸುಮಾರು 0.7 ಮಿ.ಮೀ. ಉದ್ದವಾಗುತ್ತದೆ, ನೀರಿನಿಂದ ತಣಿಯುವ ಹೆಡ್ ಅಷ್ಟು ಬೆಳೆಯುವುದಿಲ್ಲ. ತೂತು ಸ್ಟಡ್ಡಿನಷ್ಟೇ ಬಿಗಿ ಇದ್ದರೆ ಫ್ಲ್ಯಾಂಜ್ ಜಾರಲಾರದೆ ಸ್ಟಡ್ಡನ್ನೇ ಬಗ್ಗಿಸುತ್ತದೆ.

ದಪ್ಪದ ವ್ಯತ್ಯಾಸ ಈಗ 1.6 ಅಲ್ಲ, 2.0 ಮಿ.ಮೀ. ಫೇಸಿಂಗ್ ಆದ ಮೇಲೆ ಅಳೆಯದಿದ್ದರೆ ಇಲ್ಲಿ ಮತ್ತೆ ತಪ್ಪುತ್ತದೆ. 8 ಮಿ.ಮೀ. ಎಂಎಸ್ (ಸಾದಾ ಉಕ್ಕಿನ) ಪಟ್ಟಿಯಿಂದ 25ಕ್ಕೆ 30 ಮಿ.ಮೀ.ನ ನಾಲ್ಕು ತುಂಡು ಕತ್ತರಿಸಿ, ನಡುವೆ 8.5 ತೂತು ಕೊರೆದು, ಇನ್‌ಟೇಕಿನ ಮೇಲೆ ಕೂರುವ ಅರ್ಧದಲ್ಲಿ 2 ಮಿ.ಮೀ. ಮೆಟ್ಟಿಲು ತೆಗೆಸಲಾಯಿತು. ಉರುಟು ವಾಷರಿಗೆ ಮೆಟ್ಟಿಲು ತೆಗೆದರೆ ನಟ್ಟು ಬಿಗಿಯುವಾಗ ತಿರುಗಿ ಜಾಗ ತಪ್ಪುತ್ತದೆ, ಅದಕ್ಕೇ ಚೌಕದ ತುಂಡು. ಇನ್‌ಟೇಕಿನ ಅಂಚನ್ನೇ 2 ಮಿ.ಮೀ. ಕಡಿಸುವ ದಾರಿಯೂ ಇದೆ. ಅದು ಕಾರಿನ ಜೊತೆ ಬಂದ ಅಲ್ಯೂಮಿನಿಯಂ ತುಂಡು. ನಾಳೆ ಬೀಡಿನ ಮ್ಯಾನಿಫೋಲ್ಡ್ ವಾಪಸು ಹಾಕುವುದಾದರೆ ಅದು ಹಾಗೇ ಇರಬೇಕು. ವಾಷರಿನಲ್ಲೇ ಮುಗಿಸುವುದು ಒಳ್ಳೆಯದು.

ಜೋಡಣೆ

ಪ್ಯಾಕಿಂಗ್ ಇಲ್ಲದೆ ಹೆಡರನ್ನು ಸ್ಟಡ್ಡಿಗೆ ತೂರಿ ಕೈಯಲ್ಲಿ ಒತ್ತಿದಾಗ ಮೂರು ಕಡೆಯೂ 0.10 ಗೇಜ್ ಹೋಗಬಾರದು. ಹೋಗಲಿಲ್ಲ. ಹೊಸ ಪ್ಯಾಕಿಂಗನ್ನು ಯಾವ ಪೇಸ್ಟೂ ಇಲ್ಲದೆ, ತೂತು ತೂತಿನ ತಗಡಿನ ಬದಿ ಮ್ಯಾನಿಫೋಲ್ಡ್ ಕಡೆಗೆ ಬರುವಂತೆ ಇಡಬೇಕು. ಕಾದಾಗ ಜಾರುವುದು ಆ ಬದಿ. ನಟ್ಟು ಹಿತ್ತಾಳೆಯದು, ಸ್ಟಡ್ಡಿನ ಹೊರ ಥ್ರೆಡ್ಡಿಗೆ ತೆಳುವಾಗಿ ಕಾಪರ್ ಗ್ರೀಸ್. ಕಡಲಿನಿಂದ ಹೆಚ್ಚು ದೂರವಿಲ್ಲದ ಈ ಊರುಗಳಲ್ಲಿ ಉಕ್ಕಿನ ನಟ್ಟು ಎರಡು ಮಳೆಗಾಲಕ್ಕೆ ಸ್ಟಡ್ಡಿಗೇ ಅಂಟಿಬಿಡುತ್ತದೆ.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ: 7, 14, ಕೊನೆಗೆ 18 ನ್ಯೂಟನ್ ಮೀಟರ್. ಈ ಎಂಜಿನ್ನಿನ ಮ್ಯಾನಿಫೋಲ್ಡ್ ನಟ್ಟಿಗೆ ಹೇಳಿದ್ದು 15 ಪೌಂಡ್-ಅಡಿ, ಅಂದರೆ ಸುಮಾರು 20 ನ್ಯೂಟನ್ ಮೀಟರ್. ಗ್ರೀಸ್ ಹಾಕಿದ ಥ್ರೆಡ್ ಸುಲಭ ತಿರುಗುವುದರಿಂದ ಸ್ವಲ್ಪ ಕಡಿಮೆಗೆ ನಿಲ್ಲಿಸಿದ್ದು. ಉದ್ದದ ಪಾನ (ಸ್ಪ್ಯಾನರ್) ಹಿಡಿದು ಅಂದಾಜಿಗೆ ಬಿಗಿದರೆ ಇದರ ಎರಡು ಪಟ್ಟು ಸುಲಭವಾಗಿ ದಾಟುತ್ತದೆ.

ಪೈಪನ್ನು ಬಾಡಿಗೆ ಹಿಡಿಸಿದ್ದ ಪಟ್ಟಿ ಕಡಿದು ತೆಗೆದು, 5 ಮಿ.ಮೀ. ಪಟ್ಟಿಯ ಬ್ರ್ಯಾಕೆಟನ್ನು ಗೇರ್‌ಬಾಕ್ಸಿಗೆ ಕೂರಿಸಲಾಯಿತು. ಈಗ ಹೆಡರ್, ಮುಂದಿನ ಪೈಪು, ಎಂಜಿನ್ ಮೂರೂ ಒಟ್ಟಿಗೆ ವಾಲುತ್ತವೆ. ಬ್ರ್ಯಾಕೆಟಿನ ಹಿಂದೆ 38 ಮಿ.ಮೀ. ಒಳವ್ಯಾಸದ, 150 ಮಿ.ಮೀ. ಉದ್ದದ ಫ್ಲೆಕ್ಸಿಬಲ್ ಪೈಪ್. ಅಲ್ಲಿಂದ ಹಿಂದಿನದ್ದೆಲ್ಲ ರಬ್ಬರ್ ಹ್ಯಾಂಗರಿನಲ್ಲಿ. ಬ್ರ್ಯಾಕೆಟ್ ಹಾಕದೆ ಫ್ಲೆಕ್ಸಿಬಲ್ ಮಾತ್ರ ಹಾಕಿದರೆ ಮುಂದಿನ ಪೈಪಿನ ಭಾರ ಹೆಡರಿನಲ್ಲೇ ನೇತಾಡುತ್ತದೆ. ಎಡ ಮೌಂಟಿಂಗ್ ರಬ್ಬರ್ ಬದಲಿಸಿದ ಮೇಲೆಯೇ ಪೈಪಿನ ಜೋಡಣೆ, ಅದೂ ಎಲ್ಲ ಬೋಲ್ಟ್ ಸಡಿಲ ಬಿಟ್ಟು ಪೈಪು ತಾನಾಗಿ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ.

ಹೆಡರಿಗೆ ಬಟ್ಟೆಯಂಥ ಎಕ್ಸಾಸ್ಟ್ ರ‍್ಯಾಪ್ ಸುತ್ತಬೇಕೆಂದು ಮಾಲಕರಿಗೆ ಆಸೆಯಿತ್ತು. ಒಣ ಊರಿನಲ್ಲಿ ಪರವಾಗಿಲ್ಲ. ಇಲ್ಲಿ ಅದು ಮಳೆಗಾಲವಿಡೀ ತೇವ ಹಿಡಿದು ಸಾದಾ ಉಕ್ಕಿನ ಪೈಪನ್ನು ಒಳಗಿಂದೊಳಗೆ ತಿನ್ನುತ್ತದೆ. ಬದಲಿಗೆ 600 ಡಿಗ್ರಿ ತಡೆಯುವ ಪೇಂಟ್, ಕಾರ್ಬ್ಯುರೇಟರಿನ ಅಡಿಗೆ 1 ಮಿ.ಮೀ. ಅಲ್ಯೂಮಿನಿಯಂ ತಗಡಿನ ತಡೆ.

ಆಮೇಲೆ

ಮೊದಲ ಸಲ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು, ಪೂರ್ತಿ ತಣಿದ ಮೇಲೆ ಮತ್ತೆ ಟಾರ್ಕ್ (ನಟ್ಟಿನ ಬಿಗಿ) ನೋಡಿದಾಗ ನಡುವಿನ ನಟ್ಟುಗಳು ಸುಮಾರು ಆರನೇ ಒಂದು ಸುತ್ತು ತಿರುಗಿದವು. ಪ್ಯಾಕಿಂಗ್ ಕೂರುವಾಗ ಇಷ್ಟು ಸಹಜ. ಬಿಸಿ ಇರುವಾಗ ಬಿಗಿಯಬಾರದು. ಸೋಪು ನೀರಿನ ಪರೀಕ್ಷೆ ಮತ್ತೆ ಮಾಡಿದಾಗ ಫ್ಲ್ಯಾಂಜುಗಳಲ್ಲಿ ಗುಳ್ಳೆ ಇಲ್ಲ. 500 ಕಿ.ಮೀ. ಆದ ಮೇಲೆ ನಟ್ಟು ಕದಲಲಿಲ್ಲ.

ಪಟಪಟ ಮಾತ್ರ ಸ್ವಲ್ಪ ಉಳಿದಿತ್ತು. ಲೀಕಿನಿಂದ ಒಳಗೆ ಎಳೆದುಕೊಂಡ ಗಾಳಿ, ಉರಿಯದೆ ಉಳಿದ ಪೆಟ್ರೋಲಿನ ಜೊತೆ ಸೇರಿ ಸೈಲೆನ್ಸರಿನಲ್ಲಿ ಹತ್ತಿಕೊಳ್ಳುವುದೇ ಆ ಶಬ್ದ. ಇಲ್ಲಿ ಗಾಳಿ ನಿಂತರೂ ಪೆಟ್ರೋಲ್ ಹೆಚ್ಚಿತ್ತು. ಮಿಸ್ಸಿಂಗ್ (ಎಂಜಿನ್ ನಡುನಡುವೆ ಉರಿ ತಪ್ಪುವುದು) ಮುಚ್ಚಲು ಮೊದಲು ಯಾರೋ ಮಿಕ್ಸ್‌ಚರ್ ದಪ್ಪ (ಗಾಳಿಗೆ ಪೆಟ್ರೋಲ್ ಹೆಚ್ಚು) ಮಾಡಿಟ್ಟಿದ್ದರು. ಪ್ಲಗ್ಗುಗಳು ಮಸಿ ಹಿಡಿದಿದ್ದವು. ಐಡ್ಲಿಂಗ್ ಮಿಕ್ಸ್‌ಚರ್ ಸರಿಪಡಿಸಿ ಓಡಿಸಿದ ಮೇಲೆ ಪ್ಲಗ್ ಕಂದು ಬಣ್ಣಕ್ಕೆ ಬಂತು, ಶಬ್ದ ನಿಂತಿತು. ಲೀಕ್ ಇರುವಾಗ ಕಾರ್ಬ್ಯುರೇಟರ್ ಮುಟ್ಟಿದರೆ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಳ್ಳುತ್ತವೆ. ಲೀಕ್ ನಿಲ್ಲಿಸಿದ ಮೇಲೆಯೇ ಟ್ಯೂನಿಂಗ್. ಲೀಕಿನಿಂದ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ ಎನ್ನುವ ಮಾತು ಗ್ಯಾರೇಜುಗಳಲ್ಲಿ ತುಂಬ ಕೇಳುತ್ತದೆ. ವಾಲ್ವ್ ಸುಡುವುದಕ್ಕೆ ಹೆಚ್ಚಾಗಿ ಕಾರಣ ಟ್ಯಾಪೆಟ್ ಗ್ಯಾಪ್ ತೀರ ಕಡಿಮೆಯಾದದ್ದು ಅಥವಾ ಮಿಕ್ಸ್‌ಚರ್ ತೆಳುವಾದದ್ದು. ಈ ಕಾರಿನ ಕಂಪ್ರೆಶನ್ ನಾಲ್ಕೂ ಸಿಲಿಂಡರಿನಲ್ಲಿ ಸಮ ಇತ್ತು, ಅಂದರೆ ವಾಲ್ವ್ ಸುಟ್ಟಿರಲಿಲ್ಲ.

ಬಿರುಕು ಬಿಟ್ಟ ಬೀಡಿನ ಮ್ಯಾನಿಫೋಲ್ಡನ್ನು ಮಾಲಕರು ಗುಜರಿಗೆ ಹಾಕದೆ ಅಟ್ಟದಲ್ಲಿ ಇಟ್ಟಿದ್ದರು. ದಿನಬಳಕೆಯ ಕಾರಿಗೆ ಪೈಪಿನ ಹೆಡರಿಗಿಂತ ಅದೇ ಮೇಲು: ದಪ್ಪ ಹೆಚ್ಚು, ತುಕ್ಕಿಗೆ ಬೇಗ ಬಗ್ಗದು, ಹಳೆಯ ಸಪಾಟು ವಾಷರಿಗೂ ಹೊಂದುತ್ತದೆ. ಬಿರುಕಿನ ಎರಡು ತುದಿಗೆ 3 ಮಿ.ಮೀ. ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಇಡೀ ತುಂಡನ್ನು ಕಾಯಿಸಿ ನಿಕ್ಕಲ್ ರಾಡಿನಲ್ಲಿ ಗಿಡ್ಡ ಗಿಡ್ಡ ಗೆರೆ ವೆಲ್ಡ್ ಮಾಡಿ, ಒಣ ಮರಳಿನಲ್ಲಿ ಹುಗಿದು ಒಂದು ದಿನ ತಣಿಯಲು ಬಿಟ್ಟು, ಆಮೇಲೆ ಫೇಸಿಂಗ್ ಮಾಡಿಸಬೇಕು. ಸಾದಾ ಎಂಎಸ್ ರಾಡಿನಲ್ಲಿ ಬೆಸೆದರೆ ಪಕ್ಕದಲ್ಲೇ ಹೊಸ ಬಿರುಕು. 16 ಮಿ.ಮೀ. ಪ್ಲೇಟ್ ಕಾರಿನ ಡಿಕ್ಕಿಯಲ್ಲೇ ಇದೆ, ಆ ಕೆಲಸಕ್ಕೂ ಅದನ್ನೇ ಜಿಗ್ (ಬಿಗಿದು ಹಿಡಿಯುವ ಅಚ್ಚು) ಮಾಡಬಹುದು.